ಆಯ್ಕೆಯ ಒಂದು ಪಂದ್ಯ

ಕಾರ್‌ಬ್ರುಕ್ಕಿನ ಬಸ್ ಡಿಪೋದಲ್ಲಿ ಚಾಲಕರ ಪಾಳಿ ಪಟ್ಟಿ ಮಾಡುವವನು ನೆವಿಲ್ ಹರ್ಸ್ಟ್. ಗಣಿಗಾರರ ವೆಲ್ಫೇರ್ ಹಾಲ್ ಎಂಬ ಸಭಾಭವನದಲ್ಲಿ ಮಂಗಳವಾರದ ಆಟಕ್ಕೆ ಪಂದ್ಯಗಳ ಪಟ್ಟಿ ಮಾಡುವವನೂ ಅವನೇ. ಎರಡು ಕಡೆಯಲ್ಲೂ ಅವನ ಮೇಲಿದ್ದ ದೂರು ಒಂದೇ, ಯಾರಿಗೂ ರಿಯಾಯಿತಿ ಕೊಡುವುದಿಲ್ಲ ಎಂಬುದು. ಎರಡು ಕಡೆಯಲ್ಲೂ ಅವನಿಗೆ ಸಿಗುತ್ತಿದ್ದ ಹೊಗಳಿಕೆಯೂ ಅದೇ ಆಗಿತ್ತು. ಕ್ರಿಸ್‌ಮಸ್ ಹಿಂದಿನ ದಿನದ ಕೊನೆಯ ಬಸ್ಸನ್ನು ಸ್ವಂತ ಭಾವಮೈದುನನಿಗೇ ಹಾಕಿ, ಹಬ್ಬದ ಊಟದ ಮೇಜಿನಲ್ಲಿ ಹೆಂಡತಿ ಗ್ಲೆಂಡಾಳಿಂದ ಮಾತು ಕೇಳಿಸಿಕೊಂಡವನು ಅವನು. ಪಟ್ಟಿಯಲ್ಲಿ ಆ ಬಸ್ಸು ಅವನ ಪಾಲಿಗೇ ಬಂದಿತ್ತು, ನಾನೇನು ಮಾಡಲಿ ಎಂದಷ್ಟೇ ಹೇಳಿ ಆಲೂಗಡ್ಡೆಯ ಪಾತ್ರೆಯನ್ನು ಮುಂದಕ್ಕೆ ಸರಿಸಿದ್ದ.

ಮಂಗಳವಾರದ ಆಟವೆಂದರೆ ಮೇಜಿನ ಮೇಲಿನ ಚೆಂಡಾಟ. ಆಡುವವರು ಹೆಬ್ಬೆರಳುದ್ದದ ಗೊಂಬೆಗಳು: ಗಡ್ಡದ ಕುಳ್ಳರು, ಹಸಿರು ಮೈಯ ರಕ್ಕಸರು, ಗಾಳಿಯಂತೆ ಓಡುವ ಕಿನ್ನರರು. ಚೌಕಗಳನ್ನು ಎಳೆದ ಹಲಗೆಯ ಮೇಲೆ ದಾಳ ಉರುಳಿಸುತ್ತ, ಅಡ್ಡ ಬಂದವರನ್ನು ಕೆಡವುತ್ತ, ಚೆಂಡನ್ನು ಎದುರಾಳಿಯ ಗೆರೆ ದಾಟಿಸಬೇಕು. ದಾಳ ಕೈಕೊಟ್ಟರೆ ಬಿದ್ದವನು ಸತ್ತೂ ಹೋಗಬಹುದು, ಸತ್ತವನು ಮುಂದಿನ ವಾರ ಎದ್ದು ಬರುವುದಿಲ್ಲ. ಬದುಕಿ ಉಳಿದವನು ಪಂದ್ಯದಿಂದ ಪಂದ್ಯಕ್ಕೆ ಪಳಗುತ್ತಾನೆ. ಹಾಗಾಗಿ ಒಂದು ತಂಡವನ್ನು ವರ್ಷಗಟ್ಟಲೆ ಸಾಕಬೇಕಾಗುತ್ತಿತ್ತು. ಇದರ ಜೊತೆಗೆ ಕಾರ್‌ಬ್ರುಕ್ಕಿನವರು ತಮ್ಮದೇ ಒಂದು ಪದ್ಧತಿಯನ್ನು ಸೇರಿಸಿಕೊಂಡಿದ್ದರು. ಅರ್ಧ ಆಟ ಮುಗಿದಾಗ ಹಿಂದೆ ಬಿದ್ದಿರುವವನು ಎದ್ದು ಹೋಗಿ ಇಬ್ಬರಿಗೂ ಟೀ ಮಾಡಿ ತರಬೇಕು.

ಈ ಪದ್ಧತಿಯಿಂದಾಗಿಯೇ, ತನ್ನ ಅಣ್ಣ ಕ್ಲಿಫರ್ಡ್ ಟೀಗೆ ಈಗಲೂ ಮೂರು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಾನೆಂದು ನೆವಿಲ್‌ಗೆ ಗೊತ್ತಿತ್ತು. ಅಣ್ಣನ ವಿಷಯದಲ್ಲಿ ಅವನಿಗೆ ಗೊತ್ತಿದ್ದುದು ಹೆಚ್ಚುಕಡಿಮೆ ಅಷ್ಟೇ.

ಇಬ್ಬರೂ ಕಲ್ಲಿದ್ದಲು ಗಣಿಯ ಕೆಲಸದಲ್ಲಿದ್ದಾಗ, ಸಾವಿರದ ಒಂಬೈನೂರ ಎಂಬತ್ನಾಲ್ಕರ ಮುಷ್ಕರದಲ್ಲಿ ಕ್ಲಿಫರ್ಡ್ ಕೆಲಸಕ್ಕೆ ಹೋಗದೆ ಹೊರಗೆ ನಿಂತ. ನೆವಿಲ್ ಗಣಿಗೆ ಇಳಿದ. ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಹೆಚ್ಚಿನವರು ಇಳಿದಿದ್ದರು, ಆ ಮಾತು ಬೇರೆ. "ಮತ ಹಾಕಿಸದೆ ಮುಷ್ಕರ ಅಂದ್ರೆ ಹೇಗೆ? ದೇಶಕ್ಕೆಲ್ಲ ಒಂದು ಮತದಾನ ಮಾಡಿಸ್ಲಿ, ಹೆಚ್ಚು ಜನ ಬೇಕು ಅಂದ್ರೆ ನಾನೂ ಹೊರಗೆ ನಿಲ್ತೀನಿ," ಎಂದು ತಾಯಿಯ ಅಡುಗೆಮನೆಯಲ್ಲಿ ನಿಂತು ಅವನು ಹೇಳಿದ್ದ. "ನಿನ್ನ ಅಣ್ಣ ಹೊರಗೆ ನಿಂತಿದ್ದಾನೆ. ಅದು ಸಾಲ್ದಾ ನಿಂಗೆ?" ಎಂದು ಕ್ಲಿಫರ್ಡ್ ಕೇಳಿದ್ದ. ಆವರೆಗೆ ಊರಿನವರ ಎದುರು ತಮ್ಮನನ್ನು ಅವನು 'ನಮ್ಮ ನೆವ್' ಎಂದೇ ಕರೆಯುತ್ತಿದ್ದ. ಆಮೇಲೆ ಕರೆಯಲಿಲ್ಲ. ತಾಯಿಯನ್ನು ಮಣ್ಣು ಮಾಡಿದ ದಿನವೂ ಇಬ್ಬರೂ ಗುಂಡಿಯ ಆಚೆ ಈಚೆ ನಿಂತು, ಸ್ಮಶಾನದ ಬೇರೆ ಬೇರೆ ಗೇಟಿನಿಂದ ಹೊರಗೆ ಹೋದರು. ಗಣಿ ಮುಚ್ಚಿತು. ಕ್ಲಿಫರ್ಡ್ ಶಾಲೆಯೊಂದರಲ್ಲಿ ಉಸ್ತುವಾರಿಯ ಕೆಲಸ ಹಿಡಿದ, ನೆವಿಲ್ ಡಿಪೋ ಸೇರಿದ. ಊರು ಒಂದೇ ಆದರೂ ನಡೆಯುವ ರಸ್ತೆಗಳನ್ನು ಇಬ್ಬರೂ ಹಂಚಿಕೊಂಡ ಹಾಗಿತ್ತು.

ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಲಿನೆಟ್ ಎಂಬಾಕೆ ಈ ಆಟಕ್ಕೊಂದು ಕೂಟ ಕಟ್ಟುತ್ತೇನೆಂದು ಹಾಲಿನ ಬಾಗಿಲಿಗೆ ಚೀಟಿ ಅಂಟಿಸಿದಾಗ, ಮೊದಲ ಮಂಗಳವಾರ ಗೊಂಬೆಗಳ ಪೆಟ್ಟಿಗೆ ಹಿಡಿದು ಬಂದವರಲ್ಲಿ ಈ ಇಬ್ಬರೂ ಇದ್ದರು. ಮುಷ್ಕರಕ್ಕೆ ಮುಂಚಿನ ಚಳಿಗಾಲದಲ್ಲಿ ತಾಯಿಯ ಅಡುಗೆಮನೆಯ ಮೇಜಿನ ಮೇಲೆ ಒಟ್ಟಿಗೆ ಕೂತು ಬಣ್ಣ ಹಚ್ಚಿದ ಗೊಂಬೆಗಳು ಅವು. ಕ್ಲಿಫರ್ಡನವು ಕುಳ್ಳರು, ನೆವಿಲನವು ಕಿನ್ನರರು. ಇಬ್ಬರೂ ಒಬ್ಬರ ಪೆಟ್ಟಿಗೆಯನ್ನೊಬ್ಬರು ನೋಡಿದರು. ಮೊದಲು ಎದ್ದು ಹೋಗುವವನು ತಾನಾಗಬಾರದೆಂದು ಇಬ್ಬರೂ ಹಟ ಹಿಡಿದು ಕೂತರು. ಹಾಗೆ ಕೂತವರು ವರ್ಷಗಳ ತನಕ ಅಲ್ಲೇ ಉಳಿದರು.

ಆಗ ಲೀಗಿನ ಕ್ರಮ ಸರಳವಾಗಿತ್ತು. ಶರತ್ಕಾಲದಿಂದ ವಸಂತದವರೆಗೆ ಪ್ರತಿಯೊಬ್ಬರೂ ಉಳಿದ ಎಲ್ಲರ ಜೊತೆ ಒಂದೊಂದು ಪಂದ್ಯ ಆಡಬೇಕು. ಹೀಗಾಗಿ ವರ್ಷಕ್ಕೊಂದು ಸಂಜೆ ಅಣ್ಣತಮ್ಮಂದಿರು ಒಂದೇ ಮೇಜಿಗೆ ಎದುರುಬದುರಾಗಿ ಮೂರು ಗಂಟೆ ಕೂರಲೇಬೇಕಾಗುತ್ತಿತ್ತು. ಆ ಸಂಜೆ ಅಕ್ಕಪಕ್ಕದ ಮೇಜುಗಳವರು ತಮಗೆ ತಿಳಿಯದೆಯೇ ದನಿ ತಗ್ಗಿಸುತ್ತಿದ್ದರು. ಇವರ ಮಧ್ಯೆ ನಡೆಯುತ್ತಿದ್ದುದು ಆಟಕ್ಕೆ ಬೇಕಾದಷ್ಟೇ ಮಾತು. "ನಿನ್ನ ಸರದಿ." "ಇವನು ಬಿದ್ದ." "ಸತ್ತನಾ?" "ಇಲ್ಲ, ಮೂರ್ಛೆ." ಆಮೇಲೆ ಟೀ. ಒಂದು ವರ್ಷ ನೆವಿಲನ ಕಿನ್ನರನೊಬ್ಬ ಕುಳ್ಳರ ಸಾಲಿನ ನಡುವೆ ನುಸುಳಿ ಗೆರೆ ದಾಟಿದಾಗ ಕ್ಲಿಫರ್ಡ್ ಹಲಗೆಯನ್ನೇ ನೋಡುತ್ತ, "ಚೆನ್ನಾಗಿ ಓಡಿದ," ಎಂದಿದ್ದ. ಆ ಒಂದು ಮಾತನ್ನು ನೆವಿಲ್ ಬೇಸಿಗೆಯುದ್ದಕ್ಕೂ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದ್ದ.

ಕೂಟ ಬೆಳೆಯಿತು, ತೊಂದರೆಯೂ ಬೆಳೆಯಿತು. ಪಂದ್ಯಗಳು ವಸಂತ ದಾಟಿ ಬೇಸಿಗೆಯೊಳಕ್ಕೆ ಚಾಚಿದವು. ಹೊಸದಾಗಿ ಬಂದವರ ಎಳೆಯ ತಂಡಗಳನ್ನು ಹಳೆಯ ತಂಡಗಳು ನಾಲ್ಕೇ ಪಂದ್ಯಗಳಲ್ಲಿ ಚಿಂದಿ ಮಾಡಿ ಕಳಿಸುತ್ತಿದ್ದವು.

"ನೆವ್, ಡಕ್, ಏನಾದ್ರೂ ಮಾಡು," ಎಂದಳು ಲಿನೆಟ್. ಗಂಡಸು ಹೆಂಗಸು ಎಂಬ ಭೇದವಿಲ್ಲದೆ ಎಲ್ಲರನ್ನೂ ಡಕ್ ಎಂದು ಕರೆಯುವುದು ಆ ಸೀಮೆಯ ರೂಢಿ. "ಹೊಸಬರು ಒಂದು ತಿಂಗಳೂ ನಿಲ್ತಿಲ್ಲ. ಮೊನ್ನೆ ಬಂದಿದ್ದವನ ತಂಡದಲ್ಲಿ ಉಳಿದಿರೋದು ನಾಲ್ಕು ಜನ, ಅದ್ರಲ್ಲೊಬ್ಬ ಕುಂಟ."

"ಆ ಕುಂಟನೇ ಅವರಲ್ಲೆಲ್ಲ ವಾಸಿ," ಎಂದ ಪಕ್ಕದ ಮೇಜಿನ ಟ್ರೆವರ್ ಪಿಂಡರ್. ಬಾಯಿಗೆ ಬಿಡುವು ಕೊಡದ ಮನುಷ್ಯ ಅವನು. ದಾಳಕ್ಕಿಂತ ನಾಲಿಗೆಯನ್ನೇ ಹೆಚ್ಚು ಉರುಳಿಸುತ್ತಾನೆಂದು ಅವನ ಮೇಲೆ ದೂರಿತ್ತು.

ನೆವಿಲ್ ಡಿಪೋದ ಊಟದ ಬಿಡುವಿನಲ್ಲಿ ಚೌಕಳಿ ಹಾಳೆ ಹರಡಿಕೊಂಡು ಕೂತ. ಕೆಲವು ವಾರಗಳ ಬಳಿಕ ಹೊಸ ಕ್ರಮ ಸಿದ್ಧವಾಯಿತು. ಲೀಗನ್ನು ಮೇಲಿನದು, ಕೆಳಗಿನದು ಎಂದು ಎರಡು ವಿಭಾಗ ಮಾಡುವುದು. ಪಂದ್ಯಗಳು ಆಯಾ ವಿಭಾಗದೊಳಗೆ ಮಾತ್ರ. ವರ್ಷದ ಕೊನೆಗೆ ಕೆಳಗಿನ ಮೊದಲಿಬ್ಬರು ಮೇಲೆ ಹೋಗುವುದು, ಮೇಲಿನ ಕೊನೆಯಿಬ್ಬರು ಕೆಳಗಿಳಿಯುವುದು. ಒಂದೇ ಗೋಲಿನಿಂದ ಸೋತವನಿಗೂ ಒಂದು ಅಂಕ, ಸೋತೆನೆಂದು ಯಾರೂ ಅರ್ಧಕ್ಕೆ ಕೈಚೆಲ್ಲಬಾರದೆಂದು. ಮುಗಿಯದೆ ನಿಂತ ಪಂದ್ಯ ಲೆಕ್ಕಕ್ಕಿಲ್ಲ. ಹಾಳೆಯನ್ನು ಎತ್ತಿ ಹಿಡಿದು ನೋಡಿದಾಗ ಅವನಿಗೆ, ಎಲ್ಲ ಬಸ್ಸುಗಳೂ ಸರಿಯಾದ ಹೊತ್ತಿಗೆ ಡಿಪೋಗೆ ಮರಳಿದಾಗ ಆಗುವಂಥ ತೃಪ್ತಿಯಾಯಿತು. ಆಮೇಲೆ ಹಿಂದಿನ ವರ್ಷದ ಅಂಕಗಳಂತೆ ಹೆಸರುಗಳನ್ನು ತುಂಬುತ್ತ ಹೋದ. ಕ್ಲಿಫರ್ಡ್ ಹರ್ಸ್ಟ್ ಮೇಲಿನ ವಿಭಾಗದಲ್ಲಿ ಬಂದ. ನೆವಿಲ್ ಹರ್ಸ್ಟ್ ಕೆಳಗಿನದರಲ್ಲಿ.

ಅವನು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತ ಕೂತ. ಗೆರೆಯನ್ನು ಒಂದು ಹೆಸರಿನಷ್ಟು ಕೆಳಕ್ಕೆ ಎಳೆದಿದ್ದರೂ ಸಾಕಿತ್ತು. ವಿಭಾಗಗಳು ಸಮನಾಗಿರುತ್ತಿರಲಿಲ್ಲ, ಅಷ್ಟೇ. ಗೆರೆಯನ್ನು ಇದ್ದಲ್ಲೇ ಬಿಟ್ಟ. ಒಂದು ವರ್ಷ ತಾನೇ, ಚೆನ್ನಾಗಿ ಆಡಿ ಮೇಲೆ ಹೋದರಾಯಿತು ಎಂದುಕೊಂಡ.

ಸೆಪ್ಟೆಂಬರಿನ ಸಭೆಯಲ್ಲಿ ಹೊಸ ಕ್ರಮವನ್ನು ಎಲ್ಲರೂ ಮೆಚ್ಚಿದರು. ಇನ್ನೇನು ಕುರ್ಚಿಗಳನ್ನು ಎತ್ತಿಡಬೇಕು, ಹಿಂದಿನ ಸಾಲಿನಲ್ಲಿ ಕ್ಲಿಫರ್ಡ್ ಕೈ ಎತ್ತಿದ. ಸಭೆಗಳಲ್ಲಿ ಅವನು ಬಾಯಿ ತೆರೆದದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

"ಒಂದು ಮಾತು. ಇದ್ರ ಜೊತೆಗೆ ಪ್ರತಿಯೊಬ್ಬರಿಗೂ ಅವರ ಆಯ್ಕೆಯ ಒಂದು ಪಂದ್ಯ ಇರ್ಲಿ. ಚೀಟಿಲಿ ಒಂದು ಹೆಸರು ಬರ್ದು ಕೊಡೋದು. ಆ ಮನುಷ್ಯ ಯಾವ ವಿಭಾಗದಲ್ಲಿದ್ರೂ ಸರಿ."

"ನನ್ನನ್ನ ಅಟ್ಟಾಡಿಸಿ ಹೊಡಿಯೋಕೆ ಇದೊಂದು ದಾರಿನಾ, ಕ್ಲಿಫ್?" ಎಂದ ಟ್ರೆವರ್. ಅವನೂ ಕೆಳಗಿನ ವಿಭಾಗದವನೇ. "ಹೋದ ವರ್ಷ ನಿನ್ನ ಮೂರು ಕುಳ್ಳರನ್ನ ಮಸಣಕ್ಕೆ ಕಳ್ಸಿದ್ನಲ್ಲ, ಅದಿನ್ನೂ ಉರೀತಾ ಇದ್ಯಾ?"

ಜನ ನಕ್ಕರು. ಕ್ಲಿಫರ್ಡ್ ನಗಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. "ಮತಕ್ಕೆ ಹಾಕಿ," ಎಂದಷ್ಟೇ ಹೇಳಿ ಕೂತ.

ಕೈಗಳು ಎದ್ದವು. ಲಿನೆಟ್ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. "ಸರಿಸಮ. ನೆವ್, ಪಂದ್ಯಪಟ್ಟಿ ನಿಂದು, ಕೊನೇ ಮತಾನೂ ನಿಂದೇ. ಏನಂತೀಯ?"

ಆಗ ನೆವಿಲನ ತಲೆಯಲ್ಲಿ ಎರಡು ವಿಚಾರಗಳಿದ್ದವು. ಪಟ್ಟಿ ಮಾಡುವವನು ಪಟ್ಟಿಯಿಂದ ತನಗೊಂದು ಲಾಭ ಮಾಡಿಕೊಳ್ಳಬಾರದು ಎಂಬುದು ಮೊದಲನೆಯದು. ತಾನು ಯಾರ ಹೆಸರು ಬರೆಯುತ್ತೇನೆಂದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಇದನ್ನು ಅವನು ಯಾರಿಗೆ ಬೇಕಾದರೂ ಹೇಳಬಹುದಾಗಿತ್ತು, ಮುಂದೆ ಗ್ಲೆಂಡಾಳಿಗೆ ಹೇಳಿದ್ದೂ ಇದನ್ನೇ. ಎರಡನೆಯದನ್ನು ಅವನು ಬಹುಕಾಲ ಯಾರಿಗೂ ಹೇಳಲಿಲ್ಲ. ತಾನು ಹೂಂ ಎಂದು, ಅಣ್ಣನ ಚೀಟಿಯನ್ನು ತಾನೇ ಬಿಡಿಸಿ, ಅದರಲ್ಲಿ ಟ್ರೆವರ್ ಪಿಂಡರ್ ಎಂದಿದ್ದರೆ?

"ಬೇಡ," ಎಂದ. "ಎಲ್ಲರಿಗೂ ಒಂದೇ ಥರ ಇರ್ಲಿ."

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಸರಿದ ಸದ್ದಾಯಿತು. ಅವನು ತಲೆ ಎತ್ತಿ ನೋಡುವಷ್ಟರಲ್ಲಿ ಕ್ಲಿಫರ್ಡ್ ಕೋಟು ಹಾಕಿಕೊಳ್ಳುತ್ತಿದ್ದ.

ಮೊದಲ ವರ್ಷ ನೆವಿಲ್ ಮೂರನೆಯವನಾದ. ಎರಡನೆಯ ವರ್ಷ ಕೊನೆಯ ಪಂದ್ಯವನ್ನು ಸಮ ಮಾಡಿಕೊಂಡಿದ್ದರೂ ಸಾಕಿತ್ತು. ಚೆಂಡು ಹಿಡಿದ ಕಿನ್ನರ ಗೆರೆಗೆ ಒಂದೇ ಚೌಕ ಬಾಕಿ ಇರುವಾಗ ಕಾಲು ಜಾರಿ ಬಿದ್ದ, ಬಿದ್ದ ಏಟಿಗೆ ಸತ್ತೂ ಹೋದ. ಮಂಗಳವಾರಗಳಲ್ಲಿ ಅಣ್ಣ ಹಾಲಿನ ಆ ತುದಿಯ ಮೇಜುಗಳಲ್ಲಿ ಕೂರುತ್ತಿದ್ದ. ಟೀ ತರಲು ಏಳುವಾಗ ಉಸಿರಿಗಾಗಿ ಮೇಜಿನಂಚು ಹಿಡಿದು ನಿಲ್ಲುತ್ತಿದ್ದುದು, ಆಮೇಲೆ ಎದುರಾಳಿಗಳೇ ಅವನ ಪಾಲಿನ ಟೀಯನ್ನೂ ತರತೊಡಗಿದ್ದು, ಎಲ್ಲವೂ ಈ ತುದಿಗೆ ಕಾಣುತ್ತಿತ್ತು. ಎದ್ದು ಹೋಗಿ ಮಾತಾಡಿಸಬಹುದಿತ್ತು. ಆದರೆ ಪಂದ್ಯವಿಲ್ಲದೆ ಏನೆಂದು ಮಾತು ತೆಗೆಯುವುದು?

ಮೂರನೆಯ ವರ್ಷ ನೆವಿಲ್ ಮೊದಲನೆಯವನಾಗಿ ಗೆದ್ದ. ಲಿನೆಟ್ ಅವನ ಬೆನ್ನು ತಟ್ಟಿದಳು. ಜನ ಚದುರಿದ ಮೇಲೆ ಟೀ ಲೋಟಗಳನ್ನು ತೊಳೆಯುತ್ತ, "ನಿಂಗೆ ಯಾರೂ ಹೇಳಿರ್ಲಿಕ್ಕಿಲ್ಲ," ಎಂದಳು. "ಕ್ಲಿಫ್ ಲೀಗ್ ಬಿಟ್ಟ. ಎದೆ ಪೂರ್ತಿ ಹೋಗಿದೆ, ಗಣಿ ಧೂಳು. ಮಗಳು ಜೋಸಿ ಮೇಬಲ್‌ಥಾರ್ಪಿಗೆ ಕರ್ಕೊಂಡು ಹೋದ್ಳು. ಸಮುದ್ರದ ಗಾಳಿ ಒಳ್ಳೇದಂತೆ."

"ತಂಡ?"

"ಟ್ರೆವರ್‌ಗೆ ಕೊಟ್ಟ. ಅವನ ತಂಡದಲ್ಲಿ ಹೇಗೂ ಯಾರೂ ಬದುಕಿರ್ಲಿಲ್ವಲ್ಲ."

ನೆವಿಲ್ ಒಂದು ಲೋಟ ಒರೆಸಿ ಮುಗಿಸಿ, ಅದೇ ಲೋಟವನ್ನು ಮತ್ತೆ ಒರೆಸಿದ.

ಬೇಸಿಗೆ ಕಳೆದು ಅಕ್ಟೋಬರ್ ಬರುವ ತನಕ ಅವನು ಏನೂ ಮಾಡಲಿಲ್ಲ. ಒಂದು ಶುಕ್ರವಾರ ಟ್ರೆವರನ ಮನೆಯ ಕರೆಗಂಟೆ ಒತ್ತಿ, ಕುಳ್ಳರನ್ನು ಎರಡು ದಿನದ ಮಟ್ಟಿಗೆ ಕೊಡುತ್ತೀಯಾ ಎಂದು ಕೇಳಿದ. ಟ್ರೆವರನಿಗೆ ಆ ದಿನ ಮಾತ್ರ ತಮಾಷೆ ಹೊಳೆಯಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತಂದು ಕೈಗಿಟ್ಟ. "ಗಡ್ಡಕ್ಕೆ ಸ್ವಲ್ಪ ಬಣ್ಣ ಹಚ್ಚಿದ್ದೀನಿ. ಅವನಿಗೆ ನನ್ನ ಪರವಾಗಿ ಸಾರಿ ಹೇಳು," ಎಂದ.

ಮರುದಿನ ಮೇಬಲ್‌ಥಾರ್ಪಿನ ಮನೆಯ ಬಾಗಿಲು ತೆರೆದ ಜೋಸಿ ಅವನ ಮುಖವನ್ನೂ ಕಂಕುಳಲ್ಲಿದ್ದ ಹಲಗೆಯನ್ನೂ ನೋಡಿದಳು. "ನೆವಿಲ್ ಚಿಕ್ಕಪ್ಪ ಅಲ್ವಾ?" ಎಂದಳು. ಅವನು ಅವಳನ್ನು ಕೊನೆಯ ಸಲ ಕಂಡಾಗ ಅವಳು ಅಂಬೆಗಾಲಿಡುತ್ತಿದ್ದಳು.

ಕ್ಲಿಫರ್ಡ್ ಕಿಟಕಿಯ ಬಳಿ ಕೂತಿದ್ದ. ಮೂಗಿಗೆ ಸಣ್ಣ ಕೊಳವೆ, ಕಾಲ ಬಳಿ ಗುಂಯ್‌ಗುಡುವ ಯಂತ್ರ. ತಮ್ಮನನ್ನು ನೋಡಿ ಅವನು ಆಶ್ಚರ್ಯಪಡಲಿಲ್ಲ, ಪಟ್ಟರೂ ತೋರಿಸಿಕೊಳ್ಳಲಿಲ್ಲ.

"ನಾನೀಗ ಲೀಗಲ್ಲಿಲ್ಲ," ಎಂದ.

"ಗೊತ್ತು. ಇದು ಹಳೇ ಬಾಕಿ ಪಂದ್ಯ."

"ಯಾರು ಹಾಕಿದ್ದು?"

"ನಾನೇ."

ಕ್ಲಿಫರ್ಡ್ ಕಾಲಿನಿಂದ ಸ್ಟೂಲನ್ನು ತಳ್ಳಿದ. ನೆವಿಲ್ ಅದರ ಮೇಲೆ ಹಲಗೆ ಹರಡಿ, ಕುಳ್ಳರನ್ನು ಅಣ್ಣನ ಕಡೆಗೆ ಜೋಡಿಸಿದ. ಕ್ಲಿಫರ್ಡ್ ಒಬ್ಬನನ್ನು ಎತ್ತಿ ಬೆಳಕಿಗೆ ಹಿಡಿದ.

"ಈ ಗಡ್ಡ ಕೆಂಪಗಿದೆ."

"ಟ್ರೆವರ್ ಹಚ್ಚಿದ್ದು. ಸಾರಿ ಹೇಳು ಅಂದ."

"ಫಾರೆಸ್ಟ್ ಫುಟ್‌ಬಾಲ್ ತಂಡದ ಕೆಂಪು! ಹುಟ್ಟಿದಾಗಿಂದ ಮ್ಯಾನ್ಸ್‌ಫೀಲ್ಡ್ ತಂಡದ ಕಡೆಯವನು ನಾನು. ನನ್ನ ಕುಳ್ಳರಿಗೆ ಫಾರೆಸ್ಟಿನ ಬಣ್ಣ ಬಳ್ದಿದ್ದಾನಾ ಆ ಹಾಳಾದವನು? ಇವರಿಗೆ ಮಸಣವೇ ವಾಸಿಯಾಗಿತ್ತು." ಕೆಮ್ಮು ಬಂತು. ಜೋಸಿ ಒಳಗಿನಿಂದ ಇಣುಕಿದಳು. ಅವನು ಕೈಯಾಡಿಸಿ ಅವಳನ್ನು ಕಳಿಸಿದ. "ಉರುಳಿಸು. ನಿನ್ನ ಸರದಿ."

ಆಡಿದರು. ಬಿದ್ದ, ಎದ್ದ, ಮೂರ್ಛೆ, ನಿನ್ನ ಸರದಿ. ಹೊರಗೆ ಸಮುದ್ರ ಬಲು ದೂರಕ್ಕೆ ಸರಿದು ಬರೀ ಮರಳು ಕಾಣುತ್ತಿತ್ತು. ಕ್ಲಿಫರ್ಡನ ಕುಳ್ಳರು ಹಳೆಯ ಗತ್ತಿನಲ್ಲೇ ಭುಜಕ್ಕೆ ಭುಜ ಕೊಟ್ಟು ಮುಂದೊತ್ತಿ, ಚೆಂಡನ್ನು ಗೆರೆ ದಾಟಿಸಿದರು. ಆಮೇಲೆ ಅವನು ದಾಳವನ್ನು ಅಂಗೈಯಲ್ಲೇ ಇಟ್ಟುಕೊಂಡ, ಉರುಳಿಸಲಿಲ್ಲ.

"ಆವತ್ತು ಯಾಕೆ ಬೇಡ ಅಂದೆ?"

ಯಾವತ್ತು ಎಂದು ನೆವಿಲ್ ಕೇಳಲಿಲ್ಲ. "ಪಟ್ಟಿ ಮಾಡೋನು ನಾನು. ನಂಗೋಸ್ಕರ ಮಾಡ್ಕೊಂಡೆ ಅಂತ..." ಎಂದು ಶುರುಮಾಡಿ ನಿಲ್ಲಿಸಿದ. "ನೀನು ಟ್ರೆವರ್ ಹೆಸರು ಬರೀತೀಯ ಅಂದ್ಕೊಂಡೆ."

"ಟ್ರೆವರ್?" ಕ್ಲಿಫರ್ಡ್ ನಗಲು ಹೋದ. ಉಸಿರು ಸಾಲಲಿಲ್ಲ. "ಅವನ ಬಾಯಿ ಎದುರಿಗೆ ಮೂರು ಗಂಟೆ ಕೂತ್ಕೊಳ್ಳೋಕೆ ನಂಗೇನು ತಲೆ ಕೆಟ್ಟಿತ್ತಾ?"

ಯಂತ್ರ ಗುಂಯ್‌ಗುಟ್ಟುತ್ತಲೇ ಇತ್ತು.

"ಮತ ಹಾಕಿಸ್ಲಿ, ಆಗ ಬರ್ತೀನಿ ಅಂದೋನು ನೀನು. ಅಮ್ಮನ ಅಡುಗೆಮನೇಲಿ," ಎಂದ ಕ್ಲಿಫರ್ಡ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅದಕ್ಕೇ ಮತಕ್ಕೆ ಹಾಕಿಸ್ದೆ. ಅದಕ್ಕೂ ಬೇಡ ಅಂದೆ."

ಹಲಗೆಯ ಮೇಲೆ ನೆವಿಲನ ಕಿನ್ನರನೊಬ್ಬ ಅಂಗಾತ ಬಿದ್ದಿದ್ದ. ನೆವಿಲ್ ಅವನನ್ನು ಎತ್ತಿ ನಿಲ್ಲಿಸಿದ. ಎತ್ತುವ ಸರದಿ ಅವನದಾಗಿರಲಿಲ್ಲ. ಕ್ಲಿಫರ್ಡ್ ಅದನ್ನು ನೋಡಿಯೂ ತಡೆಯಲಿಲ್ಲ.

"ಅರ್ಧ ಆಯ್ತು," ಎಂದ ಕ್ಲಿಫರ್ಡ್. "ನೀನು ಹಿಂದಿದ್ದೀಯ."

ನೆವಿಲ್ ಎದ್ದು ಅಡುಗೆಮನೆಗೆ ಹೋದ. ಒಂದು ಲೋಟಕ್ಕೆ ಮೂರು ಚಮಚ ಸಕ್ಕರೆ ಹಾಕಿ ಕಲಕಿದ, ತನ್ನದಕ್ಕೆ ಹಾಕಲಿಲ್ಲ. ತಿರುಗಿ ಬರುವಷ್ಟರಲ್ಲಿ ಕ್ಲಿಫರ್ಡ್ ಕಿಟಕಿಯತ್ತ ತಲೆ ವಾಲಿಸಿ ನಿದ್ದೆ ಹೋಗಿದ್ದ. ದಾಳ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

"ಎಬ್ಬಿಸ್ಬೇಡಿ ಚಿಕ್ಕಪ್ಪ," ಎಂದಳು ಜೋಸಿ. "ಇಷ್ಟು ಹೊತ್ತು ಕೂತಿದ್ದೇ ಹೆಚ್ಚು. ಮುಂದಿನ ಶನಿವಾರ ಬನ್ನಿ. ಗೊಂಬೆಗಳು ಇಲ್ಲೇ ಇರ್ಲಿ, ನಾನು ಯಾರ್ಗೂ ಮುಟ್ಟೋಕೆ ಬಿಡಲ್ಲ."

ಹೊರಡುವ ಮೊದಲು ಅವಳು ಅವನಿಗೆ ಹುರಿದ ಮೀನು, ಆಲೂ ತರಿಸಿಕೊಟ್ಟಳು. ಅವನು ಅದನ್ನು ಕಾರಿನಲ್ಲಿ ಕೂತು ತಿಂದ.

ಆ ಶನಿವಾರ ಬರುವ ಮೊದಲೇ ಕ್ಲಿಫರ್ಡನನ್ನು ಆಸ್ಪತ್ರೆಗೆ ಸೇರಿಸಿದರು. ಅವನು ಅಲ್ಲಿಂದ ಮರಳಲಿಲ್ಲ. ಕಾರ್‌ಬ್ರುಕ್ಕಿನಲ್ಲೇ ಮಣ್ಣು ಮಾಡಿ, ವೆಲ್ಫೇರ್ ಹಾಲಿನಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ಚು, ಟೀ ಇಟ್ಟಿದ್ದರು. ಮುಷ್ಕರದಲ್ಲಿ ಹೊರಗೆ ನಿಂತಿದ್ದ ಮುದುಕರು ಒಂದು ಗೋಡೆಯ ಬದಿಗೆ ಕೂತಿದ್ದರು. ಅವರ ನಡುವೆ ಹೋಗಿ ಕೂರುವುದೋ ಬೇಡವೋ ತಿಳಿಯದೆ ನೆವಿಲ್ ಟೀ ಪಾತ್ರೆಯ ಬಳಿ ನಿಂತಿದ್ದ. ಜೋಸಿ ಅವನಿದ್ದಲ್ಲಿಗೇ ಬಂದು ಹಲಗೆಯನ್ನೂ ಎರಡು ಪೆಟ್ಟಿಗೆಗಳನ್ನೂ ಕೊಟ್ಟಳು.

"ಆಂಬುಲೆನ್ಸಿನವರ ಹತ್ರಾನೂ ಅಪ್ಪಂದು ಅದೇ ಮಾತು," ಎಂದಳು. "ಶನಿವಾರದೊಳಗೆ ನನ್ನನ್ನ ಮನೆಗೆ ಬಿಡಿ, ನಮ್ಮ ನೆವ್ ಬರ್ತಾನೆ, ಅವನು ಹಿಂದಿದ್ದಾನೆ ಅಂತ."

ನೆವಿಲ್ ಪೆಟ್ಟಿಗೆಗಳನ್ನು ಎದೆಗಾನಿಸಿಕೊಂಡು ನಿಂತ. ಬಹಳ ಹೊತ್ತು ಹಾಗೇ ನಿಂತಿದ್ದನೆಂದು ಗ್ಲೆಂಡಾ ಆಮೇಲೆ ಹೇಳಿದಳು.

ಮುಂದಿನ ಸೆಪ್ಟೆಂಬರಿನ ಸಭೆಯಲ್ಲಿ, ಆಯ್ಕೆಯ ಪಂದ್ಯವನ್ನು ಸೇರಿಸಬೇಕೆಂದು ನೆವಿಲನೇ ಪ್ರಸ್ತಾಪ ತಂದ. ಯಾರೂ ಕಾರಣ ಕೇಳಲಿಲ್ಲ. ಎಲ್ಲ ಕೈಗಳೂ ಎದ್ದವು, ಕೊನೆಯ ಮತ ಬೇಕಾಗಲಿಲ್ಲ. ಲಿನೆಟ್ ಚೀಟಿಗಳನ್ನು ಕೂಡಿಸಿ ಒಂದೊಂದಾಗಿ ಬಿಡಿಸಿದಳು.

"ನೆವ್, ಡಕ್, ನಿಂದು ಖಾಲಿ ಇದೆ."

"ಯಾರು ಉಳೀತಾರೋ ಅವರ ಜೊತೆ ಹಾಕು."

ಉಳಿದಿದ್ದವನು ಟ್ರೆವರ್. ಅವನ ಹೆಸರನ್ನು ಯಾರೂ ಬರೆದಿರಲಿಲ್ಲ. ಅವನು ಬರೆದಿದ್ದವನಿಗೆ ಇನ್ನೊಬ್ಬರ ಜೊತೆ ಜೋಡಿಯಾಗಿತ್ತು. "ನೋಡಿದ್ಯಾ ನೆವ್, ಈ ಊರಲ್ಲಿ ನನ್ನನ್ನ ಕಟ್ಟಿಕೊಳ್ಳೋಕೆ ಧೈರ್ಯ ಇರೋದು ನಿಂಗೊಬ್ಬನಿಗೇ," ಎಂದು ಅವನು ಕೂಗಿ ಹೇಳಿದ.

ಪಂದ್ಯ ಜನವರಿಯಲ್ಲಿ ಬಂತು. ನೆವಿಲನ ಎದುರಿಗೆ ಕೆಂಪು ಗಡ್ಡದ ಕುಳ್ಳರು ಭುಜಕ್ಕೆ ಭುಜ ಕೊಟ್ಟು ನಿಂತಿದ್ದರು, ಅವರ ಹಿಂದಿನಿಂದ ಟ್ರೆವರನ ಮಾತು ಒಂದೇ ಸಮನೆ ಬರುತ್ತಿತ್ತು. ಗಡ್ಡಕ್ಕೆ ಹಳೆಯ ಬಣ್ಣವನ್ನೇ ಹಚ್ಚಿಬಿಡಲೇ ಎಂದು ಅವನು ಒಮ್ಮೆ ಕೇಳಿದ. ಬೇಡ, ಈಗ ಅವರು ನಿನ್ನವರು ಎಂದ ನೆವಿಲ್. ಅರ್ಧ ಆಟಕ್ಕೆ ಕುಳ್ಳರು ಒಂದು ಗೋಲು ಮುಂದಿದ್ದರು. ನೆವಿಲ್ ಎದ್ದು ಹೋಗಿ ಟೀ ಮಾಡಿ ತಂದ.

ಟ್ರೆವರ್ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. "ಇದೇನು ಟೀನಾ, ಸಕ್ಕರೆ ಪಾಕಾನಾ? ಯಾರಿಗೆ ಮಾಡಿದ್ಯಪ್ಪಾ ಇದನ್ನ?"

ನೆವಿಲ್ ಆ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡು, ತನ್ನ ಸಪ್ಪೆ ಟೀಯನ್ನು ಅವನ ಮುಂದಕ್ಕೆ ಸರಿಸಿದ. ಆಮೇಲೆ ಆ ಸಿಹಿಯನ್ನು ತಳದವರೆಗೂ ನಿಧಾನವಾಗಿ ಕುಡಿದು, ಲೋಟ ಕೆಳಗಿಟ್ಟು, "ನಿನ್ನ ಸರದಿ," ಎಂದ.